ಒಂದು ಹಣ್ಣು, ಎರಡು ಬೀಜ



ನಿಮ್ಮ ಮನೆಗೆ ಅತಿಥಿಗಳು ಬಂದರೆ ಮೊದಲು ಏನು ಕೊಡುತ್ತೀರಿ? ಒಂದು ಲೋಟ ನೀರು, ಆಮೇಲೆ ಕಾಫಿ. ಪೂರ್ವ ಆಫ್ರಿಕಾದ ತಾಂಜಾನಿಯಾ ದೇಶದಲ್ಲಿ, ವಿಕ್ಟೋರಿಯಾ ಸರೋವರದ ಪಡುವಣ ದಂಡೆಯಲ್ಲಿ ವಾಸಿಸುವ ಹಾಯಾ ಜನರೂ ಅತಿಥಿಗೆ ಕಾಫಿಯನ್ನೇ ಕೊಡುತ್ತಾರೆ. ಆದರೆ ಕುಡಿಯುವುದಕ್ಕಲ್ಲ, ಅಗಿಯುವುದಕ್ಕೆ! ಇನ್ನೂ ಪೂರ್ತಿ ಹಣ್ಣಾಗದ ಕಾಫಿಕಾಯಿಗಳನ್ನು ಸುವಾಸನೆಯ ಎಲೆಗಳೊಡನೆ ಬೇಯಿಸಿ, ಒಣಗಿಸಿ, ಪುಟ್ಟ ಬುಟ್ಟಿಯಲ್ಲಿ ಇಟ್ಟಿರುತ್ತಾರೆ. ಬಾಗಿಲಿಗೆ ಬಂದವರ ಮುಂದೆ ಆ ಬುಟ್ಟಿ ಬರುತ್ತದೆ. ಅದರಿಂದ ಒಂದೆರಡನ್ನು ತೆಗೆದು ಬಾಯಿಗೆ ಹಾಕಿಕೊಂಡರೆ ನೀವು ಆ ಮನೆಯನ್ನು ಗೌರವಿಸಿದಂತೆ.

ನಾನು ಉನ್ನತ ವ್ಯಾಸಂಗಕ್ಕೆಂದು ಹೊರದೇಶಕ್ಕೆ ಹೋಗಿದ್ದಾಗ ನನ್ನ ಪಕ್ಕದ ಕೋಣೆಯಲ್ಲಿ ಆ ನಾಡಿನ ಗುರುಗಳೊಬ್ಬರಿದ್ದರು. ಊರಿನಿಂದ ಅವರಿಗೆ ಒಣಗಿದ ಕಾಫಿಕಾಯಿಯ ಒಂದು ಪೊಟ್ಟಣ ಬಂದಿತ್ತು. ಒಂದು ಸಂಜೆ ಅವರು ಒಂದು ಕಾಯಿಯ ಸಿಪ್ಪೆ ಬಿಡಿಸಿ ಒಳಗಿನ ಎರಡು ಬೀಜಗಳಲ್ಲಿ ಒಂದನ್ನು ನನ್ನ ಕೈಗಿಟ್ಟು, ಇನ್ನೊಂದನ್ನು ತಾವು ಬಾಯಿಗೆ ಹಾಕಿಕೊಂಡರು. ಆಮೇಲೆ ನನ್ನ ಮನೆಯ ವಿಚಾರ ಕೇಳುತ್ತಾ ಹೋದರು. ಆ ಸಂಜೆ ಅವರು ಕೇಳಿದ ಒಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅದು ಯಾವ ಪ್ರಶ್ನೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಆ ಜನರ ಬದುಕನ್ನು ಸ್ವಲ್ಪ ತಿಳಿದುಕೊಳ್ಳೋಣ.

ಬಾಳೆಯ ನೆರಳಿನಲ್ಲಿ

ಹಾಯಾ ಜನರ ನಾಡು ಕಾಗೇರಾ ಪ್ರಾಂತ್ಯ. ಅದರ ಮುಖ್ಯ ಪಟ್ಟಣ ಬುಕೋಬಾ. ಉತ್ತರಕ್ಕೆ ಉಗಾಂಡ, ಪಶ್ಚಿಮಕ್ಕೆ ರುವಾಂಡ. ಹಿಂದೆ ಅಲ್ಲಿ ಕಿಝಿಬಾ, ಇಹಂಗಿರೊ, ಕರಗ್ವೆ ಮುಂತಾದ ಸಣ್ಣ ಸಣ್ಣ ರಾಜ್ಯಗಳಿದ್ದವು. ಇವರು ಹಿಂದುಳಿದವರೆಂದು ಯಾರೂ ಭಾವಿಸಬೇಡಿ. ಸುಮಾರು 1,500ರಿಂದ 2,000 ವರ್ಷಗಳ ಹಿಂದೆಯೇ ಆ ನಾಡಿನ ಕಮ್ಮಾರರು ಕುಲುಮೆಗೆ ಊದುವ ಗಾಳಿಯನ್ನು ಮೊದಲೇ ಕಾಯಿಸುವ ಉಪಾಯ ಬಳಸಿ ಒಳ್ಳೆಯ ಉಕ್ಕನ್ನು ತೆಗೆಯುತ್ತಿದ್ದರೆಂದು ಪೀಟರ್ ಶ್ಮಿತ್ ಎಂಬ ಪುರಾತತ್ವಜ್ಞರು ಉತ್ಖನನ ನಡೆಸಿ 1978ರಲ್ಲಿ ಪ್ರಕಟಿಸಿದರು. ಆ ವಿದ್ಯೆಯನ್ನು ನೆನಪಿನಲ್ಲಿಟ್ಟುಕೊಂಡಿದ್ದ ಮುದುಕರು ಅವರ ಮುಂದೆಯೇ ಕುಲುಮೆ ಕಟ್ಟಿ ಕಬ್ಬಿಣ ಕರಗಿಸಿ ತೋರಿಸಿದರು.

ಹಾಯಾ ಕುಟುಂಬದ ಪ್ರಾಣವಿರುವುದು 'ಕಿಬಂಜಾ'ದಲ್ಲಿ. ಕಿಬಂಜಾ ಎಂದರೆ ಮನೆ, ಮನೆಯ ಸುತ್ತಲಿನ ಬಾಳೆತೋಟ, ಬಾಳೆಯ ನಡುವೆ ಕಾಫಿ ಗಿಡ, ಬುಡದಲ್ಲಿ ಬೀನ್ಸ್ ಬಳ್ಳಿ, ಎಲ್ಲವೂ ಸೇರಿದ ನೆಲ. ಹೊರಗೆ ಬರಡು ಹುಲ್ಲುಗಾವಲು. ಆ ಹುಲ್ಲನ್ನು ಕೊಯ್ದು ತಂದು ಬಾಳೆಯ ಬುಡಕ್ಕೆ ಹೊದಿಸಿ, ಕೊಟ್ಟಿಗೆಯ ಸಗಣಿ ಗೊಬ್ಬರ ಹಾಕಿ, ತಲೆಮಾರುಗಳಿಂದ ಆ ಮಣ್ಣನ್ನು ಕಪ್ಪಾಗಿ ಮಾಡಿದ್ದಾರೆ. ಬಾಳೆಕಾಯಿಯನ್ನು ಸುಲಿದು ಬೀನ್ಸ್ ಕಾಳಿನ ಜೊತೆ ಬೇಯಿಸಿದ ಊಟವೇ ಅವರ ದಿನನಿತ್ಯದ ಅನ್ನ. ಬಾಳೆಹಣ್ಣಿನ ರಸದಿಂದ ತಯಾರಿಸುವ 'ರುಬಿಸಿ' ಎಂಬ ಪೇಯವಿಲ್ಲದೆ ಮದುವೆಯೂ ಇಲ್ಲ, ಪಂಚಾಯ್ತಿಯೂ ಇಲ್ಲ. ಮಳೆಗಾಲದಲ್ಲಿ 'ಸೆನೆನೆ' ಎಂಬ ಹಸಿರು ಮಿಡತೆಗಳು ಗುಂಪುಗುಂಪಾಗಿ ಬಂದಾಗ ಅವನ್ನು ಹಿಡಿದು ಹುರಿದು ತಿನ್ನುವುದು ಊರಿಗೆಲ್ಲಾ ಹಬ್ಬ. ಜೇನುಗೂಡಿನ ಆಕಾರದ ಹುಲ್ಲಿನ ಮನೆಗಳು ಈಗ ಅಪರೂಪವಾಗಿ ತಗಡಿನ ಮಾಡುಗಳು ಬಂದಿವೆ. ಆದರೆ ಬಾಳೆತೋಟ ಬದಲಾಗಿಲ್ಲ.

ಮನೆಯ ಹಿರಿಯರು ತೀರಿಕೊಂಡರೆ ಹೂಳುವುದೂ ಆ ತೋಟದಲ್ಲೇ. ಮೊಮ್ಮಗ ಬಾಳೆಗೊನೆ ಕಡಿಯುವಾಗ ತಾತನ ಸಮಾಧಿ ಪಕ್ಕದಲ್ಲೇ ಇರುತ್ತದೆ. ಆದುದರಿಂದ ಅವರಿಗೆ ಕಿಬಂಜಾ ಎಂಬುದು ಕೇವಲ ಆಸ್ತಿಯಲ್ಲ. ಅದು ಸತ್ತವರನ್ನೂ ಬದುಕಿರುವವರನ್ನೂ ಇನ್ನು ಹುಟ್ಟಬೇಕಾದವರನ್ನೂ ಒಂದಾಗಿ ಕಟ್ಟಿರುವ ಹಗ್ಗ.

ರಕ್ತದ ಒಡಂಬಡಿಕೆ, ಸುವಾರ್ತೆಯ ಬೀಜ

ಹಿಂದೆ ಇಬ್ಬರು ಗೆಳೆಯರು ತಮ್ಮ ಸ್ನೇಹವನ್ನು ಬಂಧುತ್ವವಾಗಿ ಮಾಡಿಕೊಳ್ಳಬೇಕೆಂದರೆ 'ಓಮುಕಾಗೊ' ಎಂಬ ವಿಧಿ ಇತ್ತು. ಒಂದೇ ಕಾಫಿಹಣ್ಣಿನ ಎರಡು ಬೀಜಗಳನ್ನು ಇಬ್ಬರೂ ತೆಗೆದುಕೊಳ್ಳುವರು. ಹೊಕ್ಕುಳ ಬಳಿ ಸ್ವಲ್ಪ ಗೀರಿ, ತಮ್ಮ ತಮ್ಮ ಬೀಜಕ್ಕೆ ರಕ್ತ ಸವರಿ, ಒಬ್ಬನ ಬೀಜವನ್ನು ಇನ್ನೊಬ್ಬ ನುಂಗುವನು. ಅಂದಿನಿಂದ ಅವರು ರಕ್ತಸಂಬಂಧಿಗಳು. ಒಬ್ಬನಿಗೆ ಕಷ್ಟ ಬಂದಾಗ ಇನ್ನೊಬ್ಬ ಮುಖ ತಿರುಗಿಸುವಂತಿಲ್ಲ. ಹೊಟ್ಟೆಯೊಳಗೆ ಹೋದ ಆ ರಕ್ತ ದ್ರೋಹವನ್ನು ಸಹಿಸದು ಎಂಬುದು ಅವರ ನಂಬಿಕೆ.

ಅವರಿಗೆ ದೇವರ ಕಲ್ಪನೆ ಇರಲಿಲ್ಲವೆಂದಲ್ಲ. ಎಲ್ಲವನ್ನೂ ಉಂಟುಮಾಡಿದವನನ್ನು ರುಹಂಗಾ ಎಂದು ಕರೆಯುತ್ತಿದ್ದರು. ಸತ್ತವರ ಲೋಕಕ್ಕೆ ವಾಮಾರಾ, ಸರೋವರಕ್ಕೂ ಬಿರುಗಾಳಿಗೂ ಮುಗಾಶಾ ಎಂಬ ಶಕ್ತಿಗಳಿದ್ದವು. ಸರೋವರಕ್ಕೆ ದೋಣಿ ಇಳಿಸುವ ಬೆಸ್ತನಿಗೆ ಮುಗಾಶಾನ ಭಯವಿತ್ತು. ಹೀಗಿರುವಲ್ಲಿ, 1892ರ ಡಿಸೆಂಬರ್ ತಿಂಗಳಲ್ಲಿ ಬುಗಾಂಡಾದ ಗಲಭೆಗಳಿಂದ ಪಾರಾಗಿ ಬಂದ ಬಿಷಪ್ ಯೊವಾನ್ ಜೋಸೆಫ್ ಹಿರ್ತ್ ಮತ್ತು 'ಶ್ವೇತ ಗುರುಗಳು' ಎಂದು ಹೆಸರಾದ ಮಿಷನರಿಗಳು ಕಶೋಝಿ ಎಂಬಲ್ಲಿ ಮೊದಲ ಮಿಷನ್ ಸ್ಥಾಪಿಸಿದರು. ತಮ್ಮ ನೆಲೆಯನ್ನು ಕಳೆದುಕೊಂಡು ಬಂದವರ ಕೈಯಿಂದ ಆ ನಾಡಿನ ಕಥೋಲಿಕ ಧರ್ಮಸಭೆ ಹುಟ್ಟಿತೆಂಬುದನ್ನು ಗಮನಿಸಿ. ದೇವರ ದಾರಿಗಳು ನಮ್ಮ ದಾರಿಗಳಲ್ಲ!

ಅದರ ಫಲವನ್ನು ನೋಡಿ. 1912ರಲ್ಲಿ ಅಲ್ಲಿ ಹುಟ್ಟಿದ ಒಬ್ಬ ಹುಡುಗ ಎಂಟನೆಯ ವಯಸ್ಸಿನಲ್ಲಿ, 1921ರ ಮಾರ್ಚ್ 19ರಂದು, ಸಂತ ಜೋಸೆಫರ ಹಬ್ಬದ ದಿನ, ತನ್ನ ತಂದೆತಾಯಿಯರೊಂದಿಗೆ ಜ್ಞಾನಸ್ನಾನ ಪಡೆದ. 1943ರಲ್ಲಿ ಗುರುವಾದ, 1952ರಲ್ಲಿ ಬಿಷಪ್ ಆದ. 1960ರಲ್ಲಿ ಪೋಪ್ 23ನೇ ಜಾನ್‌ರವರು ಅವರನ್ನು ಕಾರ್ಡಿನಲ್ ಮಾಡಿದರು. ಅವರೇ ಲೌರಿಯನ್ ರುಗಂಬ್ವಾ, ಆಧುನಿಕ ಕಾಲದ ಮೊದಲ ಕರಿಯ ಆಫ್ರಿಕನ್ ಕಾರ್ಡಿನಲ್. 1968ರಿಂದ 1992ರವರೆಗೆ ದಾರ್ ಎಸ್ ಸಲಾಮಿನ ಆರ್ಚ್‌ಬಿಷಪ್ ಆಗಿದ್ದು, 1997ರ ಡಿಸೆಂಬರ್ 8ರಂದು, ಅಮಲೋದ್ಭವ ಮಾತೆಯ ಹಬ್ಬದ ದಿನವೇ ದೈವಾಧೀನರಾದರು. ನಮ್ಮ ಲೂಥರನ್ ಸಹೋದರರೂ ಹಿಂದೆ ಬಿದ್ದಿಲ್ಲ. ಅದೇ ಜನಾಂಗದ ಬಿಷಪ್ ಜೋಸಯ್ಯ ಕಿಬಿರಾ 1977ರಿಂದ 1984ರವರೆಗೆ ಜಾಗತಿಕ ಲೂಥರನ್ ಒಕ್ಕೂಟದ ಅಧ್ಯಕ್ಷರಾಗಿದ್ದರು.

ಎಲ್ಲ ಜನಾಂಗಗಳ ಸಂಸ್ಕೃತಿಯಲ್ಲಿ ದೇವರ ವಾಕ್ಯದ ಬೀಜಗಳು ಅಡಗಿವೆ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಕಲಿಸಿತು. ಹಾಯಾ ಜನರ ಕಾಫಿಬೀಜದಲ್ಲಿ ಆ ಬೀಜ ನನಗೆ ಕಾಣುತ್ತದೆ. ಒಡಂಬಡಿಕೆ ಎಂದರೇನು, ರಕ್ತದಿಂದ ಬಂಧುಗಳಾಗುವುದೆಂದರೇನು ಎಂದು ಅವರಿಗೆ ಹೊಸದಾಗಿ ವಿವರಿಸಬೇಕಾಗಿರಲಿಲ್ಲ. ಪ್ರಭುಯೇಸು ತಮ್ಮ ರಕ್ತವನ್ನೇ ಪಾನವಾಗಿ ಕೊಟ್ಟು ನಮ್ಮನ್ನು ತಮ್ಮ ಬಂಧುಗಳನ್ನಾಗಿ ಮಾಡಿಕೊಂಡರೆಂದು ಕೇಳಿದಾಗ ಹಾಯಾ ಮುದುಕನಿಗೆ ಅದು ಪರದೇಶದ ಮಾತೆನಿಸಲಾರದು.

ಆದರೆ ಬೀಜ ಇದ್ದ ಮಾತ್ರಕ್ಕೆ ಪೈರು ಬಂದಂತಾಗಲಿಲ್ಲ. ಕಳೆಯನ್ನೂ ಕೀಳಬೇಕು. ಕೃಪೆಯು ಸ್ವಭಾವವನ್ನು ನಾಶಮಾಡದೆ ಪರಿಪೂರ್ಣಗೊಳಿಸುತ್ತದೆ ಎಂಬುದು ಸಂತ ಥಾಮಸ್ ಅಕ್ವಿನಾಸರ ಬೋಧನೆ. ಇದು ವ್ಯಕ್ತಿಗೆ ಹೇಗೋ ಜನಾಂಗದ ಪದ್ಧತಿಗೂ ಹಾಗೆಯೇ. ಹಾಯಾ ಜನರ ಬದುಕಿನಲ್ಲಿ ಯಾವುದು ಪರಿಪೂರ್ಣವಾಗಬೇಕಾಗಿತ್ತು?

ನೆಲಕ್ಕೆ ಕೈ ಹಚ್ಚಿದವಳು

ಕಿಬಂಜಾ ತಂದೆಯಿಂದ ಮಗನಿಗೆ ಹೋಗುತ್ತದೆ. ಮುಖ್ಯ ವಾರಸುದಾರನಿಗೆ 'ಓಮುಸಿಕಾ' ಎಂದು ಹೆಸರು; ಸಾಮಾನ್ಯವಾಗಿ ಅವನು ಹಿರಿಯ ಮಗ. ಬೀನ್ಸ್ ಬಿತ್ತುವವಳು, ಕಳೆ ಕೀಳುವವಳು, ಹುಲ್ಲು ಹೊತ್ತು ತರುವವಳು, ಬಾಳೆಕಾಯಿ ಸುಲಿದು ಬೇಯಿಸುವವಳು ಹೆಣ್ಣು. ಆದರೆ ಕುಲದ ಭೂಮಿ ಅವಳದಲ್ಲ. 1963ರಲ್ಲಿ ಸರಕಾರ ಬರಹಕ್ಕಿಳಿಸಿದ ಪದ್ಧತಿಯ ನಿಯಮವೂ ಅದನ್ನೇ ಹೇಳಿತು: ಹೆಣ್ಣು ಕುಲದ ಭೂಮಿಯನ್ನು ಬದುಕಿರುವ ತನಕ ಅನುಭವಿಸಬಹುದು, ಮಾರುವಂತಿಲ್ಲ. ಮಗಳು ಬೇರೆ ಕುಲಕ್ಕೆ ಹೋಗುವವಳು, ಅವಳ ಕೈಗೆ ಕೊಟ್ಟರೆ ಹಿರಿಯರ ಸಮಾಧಿಯಿರುವ ನೆಲ ಕೈತಪ್ಪುತ್ತದೆ ಎಂಬುದೇ ಭಯ. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬ ನಮ್ಮ ಗಾದೆ ಕಾಗೇರಾದಲ್ಲೂ ಅರ್ಥವಾಗುತ್ತದೆ!

ಆ ನಾಡಿನ ಮುಲೇಬಾ ಜಿಲ್ಲೆಯ ಒಬ್ಬ ಮಹಿಳೆಗೆ ತಂದೆ ಉಯಿಲಿನ ಮೂಲಕ ಕುಲದ ಭೂಮಿಯನ್ನು ಬಿಟ್ಟುಹೋಗಿದ್ದರು. ಆಕೆಗೆ ವಯಸ್ಸಾಯಿತು. ನೋಡಿಕೊಳ್ಳುವವರು ಯಾರೂ ಇರಲಿಲ್ಲ. 1988ರಲ್ಲಿ ಆಕೆ ಆ ಭೂಮಿಯನ್ನು ಕುಲದ ಹೊರಗಿನವರೊಬ್ಬರಿಗೆ ಮೂರು ಲಕ್ಷ ಶಿಲ್ಲಿಂಗಿಗೆ ಮಾರಿದರು. ಕೂಡಲೇ ಸಂಬಂಧಿಯೊಬ್ಬ ನ್ಯಾಯಾಲಯಕ್ಕೆ ಹೋದ: ಹೆಣ್ಣಿಗೆ ಮಾರುವ ಹಕ್ಕಿಲ್ಲ, ಕ್ರಯ ರದ್ದಾಗಲಿ! ಕೆಳಗಿನ ನ್ಯಾಯಾಲಯ ಅವನ ಮಾತನ್ನು ಒಪ್ಪಿತು. ಜಿಲ್ಲಾ ನ್ಯಾಯಾಲಯ ಆಕೆಯ ಪರ ನಿಂತಿತು. ಕೊನೆಗೆ ಮೊಕದ್ದಮೆ ಮ್ವಾನ್ಝಾದ ಹೈಕೋರ್ಟಿಗೆ ಬಂತು. 1990ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಮ್ವಲುಸಾನ್ಯರವರು ಆಕೆಯ ಪರವಾಗಿ ತೀರ್ಪು ಕೊಟ್ಟರು. ಗಂಡಸರು ಕುಲದ ಭೂಮಿಯನ್ನು ಮಾರಬಹುದಾದರೆ ಹೆಂಗಸರೂ ಮಾರಬಹುದು. ಗಂಡಸರಿಗಿರುವ ಹಕ್ಕೇ, ಗಂಡಸರಿಗಿರುವ ಮಿತಿಯೇ ಅವರಿಗೂ ಇರಬೇಕು. ಸಂವಿಧಾನದ ಸಮಾನತೆಗೆ ವಿರುದ್ಧವಾದ ಪದ್ಧತಿ ನಿಲ್ಲದು ಎಂಬುದೇ ಅದರ ಸಾರ. 1999ರಲ್ಲಿ ತಾಂಜಾನಿಯಾದ ಹೊಸ ಭೂಕಾಯಿದೆಗಳು ಭೂಮಿಯ ವಿಷಯದಲ್ಲಿ ಹೆಣ್ಣಿಗೂ ಗಂಡಿಗೂ ಸಮಾನ ಹಕ್ಕೆಂದು ಸಾರಿದವು.

ಆಕೆಯಲ್ಲಿ ದುರಾಸೆ ಏನಿತ್ತು ಹೇಳಿ? ಮುಪ್ಪಿನಲ್ಲಿ ಒಂದು ತುತ್ತು ಅನ್ನ! ಆಕೆ ನೆಲ ಮಾರಿದಾಗ ಕುಲದ ನೆನಪಾದ ಸಂಬಂಧಿಗೆ ಆಕೆಯನ್ನು ನೋಡಿಕೊಳ್ಳುವವರಿಲ್ಲದಾಗ ಕುಲದ ನೆನಪು ಯಾಕೆ ಬರಲಿಲ್ಲ?

ಅದೇ ವರ್ಷಗಳಲ್ಲಿ ಆ ನಾಡಿಗೆ ಇನ್ನೊಂದು ಮಹಾವಿಪತ್ತು ಬಂದಿತ್ತು. ತಾಂಜಾನಿಯಾದ ಮೊದಲ ಏಡ್ಸ್ ರೋಗಿಗಳು ಪತ್ತೆಯಾದದ್ದು 1983ರಲ್ಲಿ, ಕಾಗೇರಾದಲ್ಲೇ. 1987ರ ಸಮೀಕ್ಷೆಯಲ್ಲಿ ಬುಕೋಬಾ ಪಟ್ಟಣದ ವಯಸ್ಕರಲ್ಲಿ ನೂರಕ್ಕೆ ಸುಮಾರು 24 ಮಂದಿಗೆ ಸೋಂಕು ತಗುಲಿತ್ತು. ಬಾಳೆತೋಟಗಳಲ್ಲಿ ಹೊಸ ಸಮಾಧಿಗಳು ಎದ್ದವು. ಅಜ್ಜಿಯರು ಮೊಮ್ಮಕ್ಕಳನ್ನು ಸಾಕಿದರು. ಗಂಡ ಸತ್ತ ಮೇಲೆ ಹೆಂಡತಿಗೆ ಆ ನೆಲದಲ್ಲಿ ಆಸರೆ ಸಿಗುತ್ತಿದ್ದದ್ದು ಮಕ್ಕಳ ಮೂಲಕ ಮಾತ್ರ. ಮಕ್ಕಳಿಲ್ಲದವಳ ಪಾಡು ಗಂಡನ ಕುಲದವರ ಮನಸ್ಸಿನ ಮೇಲಿತ್ತು. ಒಂದು ಪದ್ಧತಿ ಒಳ್ಳೆಯದೋ ಕೆಟ್ಟದ್ದೋ ಎಂಬುದು ಸುಗ್ಗಿಯ ಕಾಲದಲ್ಲಿ ತಿಳಿಯುವುದಿಲ್ಲ. ಮನೆಗೆ ಸಾವು ಬಂದಾಗ ತಿಳಿಯುತ್ತದೆ.

ಐದು ಮಂದಿ ಅಕ್ಕತಂಗಿಯರು

ಪವಿತ್ರ ಬೈಬಲ್‌ನಲ್ಲಿ ಇದು ಹೊಸ ವಿಷಯವೇನಲ್ಲ. ಸಂಖ್ಯಾಕಾಂಡದ 27ನೇ ಅಧ್ಯಾಯ ತೆರೆದು ನೋಡಿ. ಚಲ್ಪಹಾದನೆಂಬವನು ಗಂಡುಮಕ್ಕಳಿಲ್ಲದೆ ಸತ್ತ. ಅವನ ಹೆಣ್ಣುಮಕ್ಕಳು ಐದು ಮಂದಿ: ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ಅವರು ಮೋಶೆಯ ಮುಂದೆ, ಯಾಜಕನ ಮುಂದೆ, ಇಡೀ ಸಮುದಾಯದ ಮುಂದೆ ನಿಂತು, ಗಂಡುಮಗನಿಲ್ಲವೆಂಬ ಕಾರಣಕ್ಕೆ ತಮ್ಮ ತಂದೆಯ ಹೆಸರು ಯಾಕೆ ಅಳಿದುಹೋಗಬೇಕೆಂದು ಕೇಳಿ ತಮ್ಮ ಪಾಲನ್ನು ಬೇಡಿದರು. ಮೋಶೆಗೆ ಉತ್ತರ ಗೊತ್ತಿರಲಿಲ್ಲ. ಅವನು ನಾಚಿಕೆಪಡದೆ ಅದನ್ನು ದೇವರ ಮುಂದಿಟ್ಟ. ಆ ಹೆಣ್ಣುಮಕ್ಕಳ ಮಾತು ನ್ಯಾಯವಾದದ್ದೆಂದು ದೇವರೇ ಹೇಳಿದರು!

ಅದೇ ಗ್ರಂಥದ 36ನೇ ಅಧ್ಯಾಯವನ್ನೂ ಓದಬೇಕು. ಕುಲದ ಹಿರಿಯರು ಮತ್ತೆ ಬಂದರು: ಇವರು ಬೇರೆ ಗೋತ್ರದವರನ್ನು ಮದುವೆಯಾದರೆ ನಮ್ಮ ನೆಲ ಅತ್ತ ಹೋಗುತ್ತದಲ್ಲಾ? ಆದುದರಿಂದ ತಮ್ಮ ಗೋತ್ರದೊಳಗೇ ಮದುವೆಯಾಗಬೇಕೆಂಬ ಕಟ್ಟಳೆ ಬಂತು. ಹಾಯಾ ಹಿರಿಯರ ಭಯ ಅಂದಿನ ಇಸ್ರಯೇಲರಿಗೂ ಇತ್ತು. ದೇವರು ಆ ಭಯವನ್ನು ತಿರಸ್ಕರಿಸಲಿಲ್ಲ. ಆದರೆ ಆ ಭಯಕ್ಕಾಗಿ ಮಗಳ ಪಾಲನ್ನು ಹಿಂದಕ್ಕೆ ಪಡೆಯಲೂ ಇಲ್ಲ. ಮುಂದೆ ಸಂತ ಪೌಲರು ಗಲಾತ್ಯದ ಸಭೆಗೆ ಬರೆಯುತ್ತಾ ಕ್ರಿಸ್ತನಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲವೆಂದರು. ಅಲ್ಲಿಗೇ ನಿಲ್ಲಿಸದೆ ನೀವೆಲ್ಲರೂ ಬಾಧ್ಯಸ್ಥರು, ವಾರಸುದಾರರು ಎಂಬ ಮಾತನ್ನೂ ಸೇರಿಸಿದರು. ದೇವರ ಮನೆಯಲ್ಲಿ ಮಗಳೂ ಓಮುಸಿಕಾ!

"ಆದರೆ ಸ್ವಾಮಿ, ಆಸ್ತಿ ಪಾಲು ಮಾಡಿಸಿಕೊಡೆಂದು ಒಬ್ಬನು ಕೇಳಿದಾಗ ಯೇಸು ಒಪ್ಪಲಿಲ್ಲವಲ್ಲ?" ಎಂದು ಕೆಲವರು ಲೂಕನ ಶುಭಸಂದೇಶದ 12ನೇ ಅಧ್ಯಾಯವನ್ನು ತೋರಿಸುತ್ತಾರೆ. ನಿಜ. ಪ್ರಭು ಪಾಲುಗಾರರಾಗಿ ಕೂರಲಿಲ್ಲ. ಆದರೆ ಅವರು ಅಲ್ಲಿ ಎಚ್ಚರಿಸಿದ್ದು ಲೋಭದ ವಿರುದ್ಧ. ಲೋಭ ಕೇಳುವವರಲ್ಲಿ ಮಾತ್ರ ಇರುತ್ತದೆಯೇ? ಕೊಡದೆ ಇಟ್ಟುಕೊಂಡವರಲ್ಲಿ ಇರುವುದಿಲ್ಲವೇ? ಅದೇ ಪ್ರಭು ಶಿಲುಬೆಯ ಮೇಲೆ ಪ್ರಾಣ ಬಿಡುವ ಮುನ್ನ ತಮ್ಮ ತಾಯಿಗೆ ಒಂದು ಮನೆಯ ಆಸರೆಯನ್ನು ಗೊತ್ತುಮಾಡಿದರು. ಪ್ರತಿಯೊಬ್ಬರಿಗೂ ಅವರವರ ಪಾಲಿನದನ್ನು ಸಲ್ಲಿಸುವುದೇ ನ್ಯಾಯವೆಂದು ನಮಗೆ ಸೆಮಿನರಿಯಲ್ಲಿ ಮೊದಲ ವರ್ಷವೇ ಕಲಿಸುತ್ತಾರೆ. ದಾನ ಅದರ ನಂತರ ಬರುವಂಥದ್ದು. ಪಾಲನ್ನು ಇಟ್ಟುಕೊಂಡು ಹಬ್ಬಕ್ಕೊಂದು ಸೀರೆ ಕೊಡುವುದು ಪ್ರೀತಿಯಲ್ಲ.

ಉತ್ತರವಿಲ್ಲದ ಪ್ರಶ್ನೆ

ಆ ಸಂಜೆ ಬುಕೋಬಾದ ಗುರುಗಳು ತಮ್ಮ ನಾಡಿನ ಈ ಮೊಕದ್ದಮೆಯ ಕಥೆ ಹೇಳಿ ಮುಗಿಸಿದಾಗ ನಾನು ತಲೆದೂಗಿದೆ. 'ಪಾಪ, ಆಫ್ರಿಕಾದ ಹೆಣ್ಣುಮಕ್ಕಳು' ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆಗ ಅವರು ಬಹಳ ಸಹಜವಾಗಿ ಕೇಳಿದರು: "ನಿಮ್ಮ ತಂದೆಯ ನೆಲದಲ್ಲಿ ನಿಮ್ಮ ಅಕ್ಕನಿಗೆ ಎಷ್ಟು ಬಂತು?"

ಪ್ರಿಯ ಓದುಗರೇ, ಅಕ್ಕನ ಅನುಮತಿ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ತಂದೆ ತೀರಿಕೊಂಡಾಗ ನಾನು ಸೆಮಿನರಿಯಲ್ಲಿ ತತ್ವಶಾಸ್ತ್ರ ಓದುತ್ತಿದ್ದೆ. ತಮ್ಮಂದಿರು ಓದಲೆಂದು ಏಳನೇ ತರಗತಿಗೇ ಶಾಲೆ ಬಿಟ್ಟು ಮನೆಯ ಕೆಲಸಕ್ಕೆ ನಿಂತವಳು ಅಕ್ಕ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ಅವಳ ಮುಂದೆ ಬಂದಾಗ, "ಎಲ್ಲಿ ಸಹಿ ಹಾಕಬೇಕು ತೋರಿಸಪ್ಪ" ಎಂದು ನನ್ನನ್ನೇ ಕೇಳಿದಳು. ನಾನು ಬೆರಳಿಟ್ಟು ತೋರಿಸಿದೆ. ಅದರಲ್ಲಿ ಏನು ಬರೆದಿದೆ ಎಂದು ಓದಿ ಹೇಳಲಿಲ್ಲ. ಅವಳೂ ಕೇಳಲಿಲ್ಲ, ತಮ್ಮ ಸ್ವಾಮಿಯಾಗುವವನು, ಅವನ ಮೇಲೆ ಅನುಮಾನವೇ? ಆಮೇಲೆ ಕೆಲವೇ ವರ್ಷಗಳಲ್ಲಿ ಅವಳು ವಿಧವೆಯಾದಳು. ಇಬ್ಬರು ಮಕ್ಕಳೊಡನೆ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಸಾಗಿದಳು. ನಾನು ಪೀಠದ ಮುಂದೆ ನಿಂತು ಬಡವರ ಪರವಾಗಿ ಎಷ್ಟೋ ಪ್ರಬೋಧನೆಗಳನ್ನು ಮಾಡಿದ್ದೇನೆ. ಆ ಬೆರಳು ಮಾತ್ರ ನೆನಪಿಗೆ ಬಂದಿರಲಿಲ್ಲ.

ವ್ಯಾಸಂಗ ಮುಗಿಸಿ ಬಂದ ಮೇಲೆ ತಮ್ಮನ ಮುಂದೆ ಈ ಮಾತು ತೆಗೆದೆ. ಅವನು ಬಹಳ ದಿನ ನನ್ನೊಡನೆ ಮಾತನಾಡಲಿಲ್ಲ. ಅವನ ತಪ್ಪೇನಿದೆ? ದುಡಿದವನು ಅವನು, ಪದ್ಧತಿ ಅವನಿಗೆ ಕೊಟ್ಟದ್ದನ್ನು ಅವನು ತೆಗೆದುಕೊಂಡ. ಕಳೆದ ವರ್ಷ ಅವನಾಗಿಯೇ ಸರ್ವೆಯವರನ್ನು ಕರೆಸಿ ರಸ್ತೆ ಪಕ್ಕದಲ್ಲಿ ಅಕ್ಕನ ಮನೆಗೆಂದು ಒಂದು ನಿವೇಶನ ಅಳೆಸಿದ್ದಾನೆ. ಅದು ಪೂರ್ತಿ ಪಾಲಲ್ಲ. ಮಾತುಕತೆ ಇನ್ನೂ ನಡೆದಿದೆ. ಆದರೆ ಈ ಸಲದ ಕ್ರಿಸ್ಮಸ್‌ಗೆ ಮೂವರೂ ಒಂದೇ ಮೇಜಿನಲ್ಲಿ ಊಟ ಮಾಡಿದೆವು.

ನಿಮ್ಮಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಮನೆಯಲ್ಲಿ ಪಾಲಿನ ಮಾತು ಬರುವ ಮೊದಲು ಗಂಡು ಹೆಣ್ಣೆನ್ನದೆ ಎಲ್ಲ ಮಕ್ಕಳನ್ನೂ ಕೂರಿಸಿಕೊಂಡು ಪ್ರಾರ್ಥನೆ ಮಾಡಿ, ಆಮೇಲೆ ಮಾತನಾಡಿ. ಉಯಿಲು ಬರೆಯುವ ತಂದೆಯರೇ, ಮಗಳ ಹೆಸರನ್ನು ಮರೆಯಬೇಡಿ. ಉಯಿಲು ಬರೆಯದೆ ಕ್ರೈಸ್ತ ತಂದೆ ತೀರಿಕೊಂಡರೆ, ನಮಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಮಗ ಮಗಳೆಂದು ಭೇದ ಮಾಡುವುದಿಲ್ಲ. ಭೇದ ಮಾಡುವವರು ನಾವು. ಅಕ್ಕತಂಗಿಯರ ಮುಂದೆ ಯಾವುದೇ ಕಾಗದ ಇಡುವಾಗ ಅದನ್ನು ಪೂರ್ತಿ ಓದಿ ಹೇಳಿ. ಎಲ್ಲವನ್ನೂ ತಿಳಿದು, ತನ್ನ ಮನಸ್ಸಿನಿಂದ ಬಿಟ್ಟುಕೊಡುತ್ತೇನೆಂದರೆ ಅದು ಅವಳ ದೊಡ್ಡತನ. ತಿಳಿಯದೆ ಹಾಕಿದ ಸಹಿ ನಮ್ಮ ಪಾಪ. ಈಗಾಗಲೇ ಸಹಿ ಹಾಕಿಸಿಕೊಂಡಿದ್ದರೆ ತಡವಾಯಿತೆಂದು ಕೈಚೆಲ್ಲಬೇಡಿ. ಜಕ್ಕಾಯನೂ ತಡವಾಗಿಯೇ ಮರದಿಂದ ಇಳಿದ. ರಕ್ಷಣೆ ಅವನ ಮನೆಗೆ ಬಂತು.

ಹಾಯಾ ಜನರ ಕಾಫಿಹಣ್ಣನ್ನು ನೆನಪಿಡಿ. ಒಂದೇ ಸಿಪ್ಪೆಯೊಳಗೆ ಎರಡು ಬೀಜ, ಒಂದಕ್ಕೊಂದು ಒತ್ತಿಕೊಂಡು ಬೆಳೆದಿರುತ್ತವೆ. ಒಂದೇ ಗರ್ಭದಲ್ಲಿ ಬೆಳೆದ ಅಣ್ಣತಂಗಿ, ಅಕ್ಕತಮ್ಮಂದಿರೂ ಹಾಗೆಯೇ. ಬರುವ ಭಾನುವಾರ ಪರಮಪ್ರಸಾದ ಸ್ವೀಕರಿಸುವ ಮುನ್ನ, ನಿಮ್ಮ ಸಹೋದರಿಗೆ ಸಲ್ಲಬೇಕಾದ್ದು ನಿಮ್ಮಲ್ಲಿ ಏನಾದರೂ ಉಳಿದಿದೆಯೇ ಎಂದು ಒಂದು ಕ್ಷಣ ಯೋಚಿಸಿ. ಉಳಿದಿದ್ದರೆ ಆ ಸಂಜೆಯೇ ಅವಳ ಮನೆಗೆ ಹೋಗಿ ಬನ್ನಿ.

ಪ್ರಾರ್ಥಿಸೋಣ: ಓ ಪ್ರಭುವೇ, ನಿಮ್ಮ ಅಮೂಲ್ಯ ರಕ್ತದಿಂದ ನಮ್ಮೆಲ್ಲರನ್ನೂ ಒಂದೇ ಕುಲದವರನ್ನಾಗಿ ಮಾಡಿದ್ದೀರಿ. ನಮ್ಮ ಮುಚ್ಚಿದ ಕೈಗಳನ್ನು ಬಿಡಿಸಿರಿ. ಬುಕೋಬಾದ ಬಾಳೆತೋಟಗಳಲ್ಲೂ ನಮ್ಮ ಊರುಕೇರಿಗಳಲ್ಲೂ ಆಸರೆಯಿಲ್ಲದ ತಾಯಂದಿರಿಗೆ, ಅಕ್ಕತಂಗಿಯರಿಗೆ ಅವರ ಪಾಲು ದೊರಕುವಂತೆ ಮಾಡಿರಿ. ಆಮೆನ್.